ಚೆಂಡು ಬಿಡಿ, ಸ್ಕ್ರೀನ್ ನೋಡಿ

ಬಸವೇಶ್ವರನಗರದ ಕೋರ್ಟಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನಡೆದರೆ ಪಕ್ಕದಲ್ಲಿ ನಿಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, ‘ಇವರು ಡಂಕ್ ಮಾಡಲ್ವಾ?’ ಮೈ ಉರಿಯುತ್ತದೆ. ರಿಂಗಿನ ಎತ್ತರ ಗಂಡಸರಿಗೂ ಹೆಂಗಸರಿಗೂ ಒಂದೇ, 3.05 ಮೀಟರ್. ಹಾರಿ ಗೆಲ್ಲಲಾಗದ ಕಡೆ ನೆಲದ ಮೇಲೆ ಜಾಗ ಹುಟ್ಟಿಸಿ ಗೆಲ್ಲಬೇಕು. ಹೆಂಗಸರ ಆಟದ ಸೊಗಸೆಲ್ಲ ಅಲ್ಲಿದೆ. ಆ ಜಾಗ ಹುಟ್ಟಿಸುವುದು ಸ್ಕ್ರೀನ್, ಅಂದರೆ ಚೆಂಡು ಹಿಡಿದವಳ ಹಿಂದೆ ಬಿದ್ದ ಡಿಫೆಂಡರಿನ ದಾರಿಗೆ ಜೊತೆಯಾಟಗಾರ್ತಿ ಗೋಡೆಯಂತೆ ಅಡ್ಡ ನಿಲ್ಲುವುದು.

ಮೊದಲ ಕ್ವಾರ್ಟರ್ ಪೂರ್ತಿ ಚೆಂಡಿನಿಂದ ಕಣ್ಣು ಕೀಳಿ. ಸ್ಕ್ರೀನ್ ಹಾಕುವವಳ ಪಾದ ನೋಡಿ. ಭುಜದಗಲಕ್ಕೆ ಕಾಲೂರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ನಿಂತಿರಬೇಕು; ಡಿಫೆಂಡರ್ ಬಂದು ಬಡಿಯುವಾಗ ಸರಿದಾಡಿದರೆ ಫೌಲ್. ಚೆಂಡು ಹಿಡಿದವಳು ಸ್ಕ್ರೀನ್ ಹಾಕಿದವಳ ಭುಜಕ್ಕೆ ಭುಜ ಉಜ್ಜಿಕೊಂಡೇ ದಾಟಬೇಕು. ಸ್ವಲ್ಪ ಸಂದು ಬಿಟ್ಟರೂ ಡಿಫೆಂಡರ್ ಅಲ್ಲೇ ನುಸುಳುತ್ತಾಳೆ. ದಾಟಿಸಿದ ಮೇಲೆ ಸ್ಕ್ರೀನ್ ಹಾಕಿದವಳು ಏನು ಮಾಡುತ್ತಾಳೆ ಎಂಬುದರಲ್ಲಿ ಅವಳ ತರಬೇತಿ ಗೊತ್ತಾಗುತ್ತದೆ. ಗಕ್ಕನೆ ಪಿವಟ್ ತಿರುಗಿ, ಡಿಫೆಂಡರನ್ನು ಬೆನ್ನಿಗೆ ಹಾಕಿಕೊಂಡು ರಿಂಗಿನತ್ತ ರೋಲ್ ಆದರೆ ಆಟ ಬಲ್ಲವಳು. ಸ್ಕೋರ್‌ಶೀಟಿನಲ್ಲಿ ಇದಕ್ಕೆ ಕಾಲಂ ಇಲ್ಲ. ಚಪ್ಪಾಳೆಯೂ ಇಲ್ಲ, ಮೊಬೈಲ್ ಎತ್ತಿಕೊಂಡವರು ತ್ರೀ-ಪಾಯಿಂಟರಿಗಷ್ಟೇ ಕಾದಿರುತ್ತಾರೆ.

ನನ್ನ ಕಣ್ಣು ತೆರೆದದ್ದು 2019ರ ಸೆಪ್ಟೆಂಬರಿನಲ್ಲಿ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಮಹಿಳಾ ಏಷ್ಯಾ ಕಪ್ ನೋಡಲು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿದ್ದೆ. ಫೈನಲಿನಲ್ಲಿ ಎತ್ತರದ ಚೀನೀಯರನ್ನು ಜಪಾನ್ 71–68ರಿಂದ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ 165 ಸೆಂ.ಮೀ. ಎತ್ತರದ ನಾಕೊ ಮೊಟೊಹಾಶಿ! ಒಂದು ಸ್ಕ್ರೀನಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಚೀನಾದ ಹುಡುಗಿಗೆ ಇನ್ನೊಂದು ಎದುರಾಗುತ್ತಿತ್ತು. ಇದೇ ಜಪಾನ್ 2021ರಲ್ಲಿ ಒಲಿಂಪಿಕ್ಸ್ ಬೆಳ್ಳಿ ಗೆದ್ದಿತು. ನಮ್ಮವರೂ ಕಮ್ಮಿಯೇನಲ್ಲ, 2017ರಲ್ಲಿ ಕಂಠೀರವದಲ್ಲೇ ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್ಪಿನ ಬಿ ಡಿವಿಜನ್ ಗೆದ್ದರು.

ಆಟಗಾರ್ತಿಯರ ಬದುಕನ್ನೂ ತಿಳಿದಿರಿ. ನಮ್ಮಲ್ಲಿ ಆಟದ ಸಂಬಳವೆಂದರೆ ಬಹುಮಂದಿಗೆ ರೈಲ್ವೆ ನೌಕರಿ. ದಕ್ಷಿಣ ರೈಲ್ವೆಯ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿ, 2011ರಲ್ಲಿ ಅಮೆರಿಕದ ಡಬ್ಲ್ಯುಎನ್‌ಬಿಎ ಟ್ರಯಲ್ಸ್‌ವರೆಗೆ ಹೋದರು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಕರ್ನಾಟಕದ ಪಿ.ಯು. ನವನೀತಾ ಭಾರತದ ಜೆರ್ಸಿ ತೊಟ್ಟವರು. ಇವರ ಹೆಸರು ಕೇಳಿರದ ರಾಜಾಜಿನಗರದ ಮನೆಗಳಲ್ಲಿ ಮಕ್ಕಳಿಗೂ ಐಪಿಎಲ್ ತಂಡಗಳೆಲ್ಲ ಬಾಯಿಪಾಠ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೂರುವ ಜಾಗದ ಬಗ್ಗೆ ಒಂದು ಮಾತು. ಸೆಂಟರ್ ಲೈನಿನ ಪಕ್ಕದ ಸೀಟಿಗೆ ಮುಗಿಬೀಳಬೇಡಿ. ಬೇಸ್‌ಲೈನಿನ ಹಿಂದೆ, ನಾಲ್ಕಾರು ಮೆಟ್ಟಿಲು ಮೇಲೆ ಕೂತರೆ ಸ್ಕ್ರೀನಿನ ಕೋನವೂ ಭುಜಗಳ ನಡುವಿನ ಸಂದೂ ನೇರ ಕಾಣುತ್ತವೆ.