ಸನ್ಹೇರೀಬನ ದಂಡಯಾತ್ರೆ: ಬೈಬಲಿನ ಚಾರಿತ್ರಿಕತೆಗೆ ಒಂದು ಒರೆಗಲ್ಲು

ಬೈಬಲು ಚಾರಿತ್ರಿಕವಾಗಿ ವಿಶ್ವಸನೀಯವೇ ಎಂಬ ಚರ್ಚೆ ಬಹುಮಟ್ಟಿಗೆ ಎರಡು ಪಕ್ಷಗಳ ವಾಗ್ವಾದವಾಗಿಯೇ ನಡೆದುಬಂದಿದೆ. ಒಂದು ಪಕ್ಷಕ್ಕೆ ಉತ್ಖನನದಲ್ಲಿ ದೊರೆತ ಪ್ರತಿಯೊಂದು ಮಡಕೆಯ ಚೂರೂ ಗ್ರಂಥದ ಸತ್ಯಕ್ಕೆ ಸಾಕ್ಷಿ. ಇನ್ನೊಂದಕ್ಕೆ ಒಂದೆಡೆ ಕಂಡ ತಪ್ಪು ಇಡೀ ಗ್ರಂಥವನ್ನು ತಳ್ಳಿಹಾಕಲು ಸಾಕಾದ ಕಾರಣ. ಬೈಬಲು ಒಬ್ಬನ ಕೃತಿಯಲ್ಲ. ಹಲವು ಶತಮಾನಗಳಲ್ಲಿ, ಹಲವರ ಕೈಯಲ್ಲಿ, ಭಿನ್ನ ಉದ್ದೇಶಗಳಿಂದ ರೂಪುಗೊಂಡ ಗ್ರಂಥಸಮುಚ್ಚಯ. ಇದನ್ನು ಎರಡು ಪಕ್ಷಗಳೂ ಮರೆಯುತ್ತವೆ. ಆದುದರಿಂದ ಪ್ರಶ್ನೆಯನ್ನು ಇಡಿಯಾಗಿ ಎತ್ತಿಕೊಳ್ಳದೆ, ಗ್ರಂಥದ ಹೊರಗೂ ಒಳಗೂ ಸಾಕ್ಷ್ಯ ಹೇರಳವಾಗಿರುವ ಒಂದೇ ಘಟನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ. ಅದು ಕ್ರಿ. ಪೂ. ೭೦೧ರಲ್ಲಿ ಅಶ್ಶೂರದ ಅರಸನಾದ ಸನ್ಹೇರೀಬನು ಯೆಹೂದ ರಾಜ್ಯದ ಮೇಲೆ ನಡೆಸಿದ ದಂಡಯಾತ್ರೆ.

ಅರಸುಗಳು ಎಂಬ ಗ್ರಂಥದ ದ್ವಿತೀಯ ಭಾಗದಲ್ಲಿ ಈ ವೃತ್ತಾಂತ ಎರಡು ಬಗೆಯಾಗಿ ಬಂದಿದೆ. ಮೊದಲನೆಯದು ತೀರ ಚಿಕ್ಕದು. ಸನ್ಹೇರೀಬನು ಯೆಹೂದದ ಕೋಟೆಯ ಊರುಗಳನ್ನು ಹಿಡಿದನು. ಹಿಜ್ಕೀಯ ರಾಜನು ಲಾಕೀಷಿನಲ್ಲಿದ್ದ ಅವನಿಗೆ ತಪ್ಪೊಪ್ಪಿಗೆಯನ್ನು ಕಳುಹಿಸಿ, ೩೦೦ ತಲಾಂತು ಬೆಳ್ಳಿಯನ್ನೂ ೩೦ ತಲಾಂತು ಬಂಗಾರವನ್ನೂ ಕಪ್ಪವಾಗಿ ತೆತ್ತನು. ಎರಡನೆಯದು ದೀರ್ಘವಾದುದು. ಇಲ್ಲಿ ಕಪ್ಪದ ಸುದ್ದಿಯಿಲ್ಲ; ಅಶ್ಶೂರದ ಅಧಿಕಾರಿಯ ಬೆದರಿಕೆ, ಹಿಜ್ಕೀಯನ ಪ್ರಾರ್ಥನೆ, ಯೆಶಾಯನ ಅಭಯವಚನ, ದೇವದೂತನು ಒಂದೇ ರಾತ್ರಿಯಲ್ಲಿ ೧,೮೫,೦೦೦ ಸೈನಿಕರನ್ನು ಸಂಹರಿಸಿದುದು—ಇವು ವರ್ಣಿತವಾಗಿವೆ. ಇವೆರಡು ಭಿನ್ನ ಮೂಲಗಳಿಂದ ಬಂದವೆಂದು ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಸ್ಟಾಡೆ ೧೮೮೬ರಲ್ಲಿಯೇ ವಾದಿಸಿದನು. ಆತನು ದೀರ್ಘ ವೃತ್ತಾಂತವನ್ನು ಮತ್ತೆ ಎರಡಾಗಿ ವಿಂಗಡಿಸಿದನು.

ಇನ್ನು ಅಶ್ಶೂರದ ಸಾಕ್ಷ್ಯ. ನಿನೆವೆಯಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಟೇಲರ್ ಪಟ್ಟಕವೆಂದು ಹೆಸರಾದ ಮೃಣ್ಮಯ ಶಾಸನದಲ್ಲಿ ಸನ್ಹೇರೀಬನು ತಾನು ೪೬ ಕೋಟೆಯೂರುಗಳನ್ನು ಗೆದ್ದೆನೆಂದೂ ೨,೦೦,೧೫೦ ಜನರನ್ನು ಹೊರಡಿಸಿದೆನೆಂದೂ ಹೇಳಿಕೊಳ್ಳುತ್ತಾನೆ. ಯೆರೂಸಲೇಮಿನಲ್ಲಿ ಸಿಕ್ಕಿಬಿದ್ದ ಹಿಜ್ಕೀಯನನ್ನು ಪಂಜರದ ಹಕ್ಕಿಗೆ ಹೋಲಿಸುತ್ತಾನೆ. ಕಪ್ಪದ ಲೆಕ್ಕದಲ್ಲಿ ಬಂಗಾರ ೩೦ ತಲಾಂತು, ಬೆಳ್ಳಿ ೮೦೦ ತಲಾಂತು. ಬೆಳ್ಳಿಯ ಮೊತ್ತದಲ್ಲಿ ಭೇದವಿದ್ದರೂ ಬಂಗಾರದ ಮೊತ್ತ ಎರಡು ಕಡೆಯೂ ಒಂದೇ. ಪರಸ್ಪರ ಶತ್ರುಗಳಾದ ಎರಡು ರಾಜ್ಯಗಳ ಬರಹಗಳು ಹೀಗೆ ಹೊಂದಿಕೊಳ್ಳುವಾಗ, ಚಿಕ್ಕ ವೃತ್ತಾಂತವು ರಾಜಭಂಡಾರದ ಯಾವುದೋ ದಾಖಲೆಯನ್ನು ಆಧರಿಸಿರಬೇಕೆಂದು ಊಹಿಸುವುದು ಅನುಚಿತವಲ್ಲ.

ಆದರೆ ಪಟ್ಟಕವೂ ನಿಷ್ಪಕ್ಷಪಾತವಾದ ಬರಹವೇನಲ್ಲ, ಅದು ಪ್ರಶಸ್ತಿ. ಪ್ರಶಸ್ತಿಯಲ್ಲಿ ಹೇಳಿದ ಮಾತಿನಷ್ಟೇ ಹೇಳದೆ ಬಿಟ್ಟ ಮಾತೂ ಗಮನಾರ್ಹ. ಅದೇ ದಂಡಯಾತ್ರೆಯಲ್ಲಿ ಅಷ್ಕೆಲೋನಿನ ಅರಸನನ್ನು ಸೆರೆಹಿಡಿದು ಒಯ್ದೆನೆಂದು ಹೇಳುವ ಸನ್ಹೇರೀಬನು ಯೆರೂಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಹೇಳುವುದಿಲ್ಲ. ನಗರವು ಉಳಿಯಿತು, ಹಿಜ್ಕೀಯನು ಸಿಂಹಾಸನದಲ್ಲಿಯೇ ಉಳಿದನು ಎಂಬ ಬೈಬಲಿನ ಹೇಳಿಕೆಗೆ ಈ ಮೌನವೇ ಬಲವಾದ ಆಧಾರ. ಪಟ್ಟಕವು ಹೆಸರಿಸದ ಲಾಕೀಷನ್ನು ಬೈಬಲು ಹೆಸರಿಸುತ್ತದೆ. ನಿನೆವೆಯ ಅರಮನೆಯ ಗೋಡೆಯ ಮೇಲಿನ ಉಬ್ಬುಚಿತ್ರಗಳು ಆ ಮುತ್ತಿಗೆಯನ್ನು ಊರಿನ ಹೆಸರಿನೊಡನೆ ಚಿತ್ರಿಸುತ್ತವೆ. ೧೯೩೨ರಿಂದ ಸ್ಟಾರ್ಕಿಯೂ ೧೯೭೩ರಿಂದ ಉಸ್ಸಿಷ್ಕಿನ್ನನೂ ನಡೆಸಿದ ಉತ್ಖನನಗಳು ದಗ್ಧವಾದ ನಗರದ ಅವಶೇಷಗಳನ್ನೂ ಮುತ್ತಿಗೆಗಾಗಿ ಕಟ್ಟಿದ ಇಳಿಜಾರಿನ ದಿಬ್ಬವನ್ನೂ ಸ್ಪಷ್ಟಪಡಿಸಿವೆ.

ಇಷ್ಟರಿಂದ ಗ್ರಂಥ ಸರ್ವಥಾ ನಿರ್ದೋಷವೆಂದು ಸಾಧಿಸಹೊರಟರೆ ಎಡವಬೇಕಾಗುತ್ತದೆ. ಸಮಾರ್ಯವು ಹಿಜ್ಕೀಯನ ಆರನೆಯ ವರ್ಷದಲ್ಲಿ ಬಿದ್ದಿತೆಂದು ಗ್ರಂಥ ಹೇಳುತ್ತದೆ. ಆ ಪತನದ ಕಾಲ ಸುಮಾರು ಕ್ರಿ. ಪೂ. ೭೨೨. ಸನ್ಹೇರೀಬನು ಬಂದುದು ಹದಿನಾಲ್ಕನೆಯ ವರ್ಷದಲ್ಲಿ ಎಂದೂ ಅದೇ ಗ್ರಂಥದ ಮಾತು. ಎಂಟು ವರ್ಷಗಳಲ್ಲಿ ೭೨೨ರಿಂದ ೭೦೧ಕ್ಕೆ ಬರುವಂತಿಲ್ಲ. ದೀರ್ಘ ವೃತ್ತಾಂತವು ತಿರ್ಹಾಕನನ್ನು ಕೂಷಿನ ಅರಸನೆಂದು ಕರೆಯುತ್ತದೆ. ಅವನು ಪಟ್ಟವೇರಿದುದು ಕ್ರಿ. ಪೂ. ೬೯೦ರಲ್ಲಿ. ಈ ತೊಡಕಿನ ಪರಿಹಾರಕ್ಕಾಗಿ ಆಲ್‌ಬ್ರೈಟ್ ಮೊದಲಾದವರು ಎರಡನೆಯ ದಂಡಯಾತ್ರೆಯೊಂದನ್ನು ಊಹಿಸಿದರು; ಆದರೆ ಅಶ್ಶೂರದ ಶಾಸನಗಳಲ್ಲಿ ಅದರ ಸುಳಿವಿಲ್ಲ. ಮುಂದೆ ಅರಸನಾದವನಿಗೆ ಆ ಬಿರುದನ್ನು ಮುಂಚಿತವಾಗಿಯೇ ಕೊಡಲಾಗಿದೆಯೆಂಬುದು ಇನ್ನೊಂದು ಸಮಾಧಾನ. ಇದು ಯುಕ್ತವೇ. ಆದರೆ ಇದನ್ನು ಒಪ್ಪಿದೊಡನೆ, ವೃತ್ತಾಂತ ಈಗಿನ ರೂಪಕ್ಕೆ ಬಂದುದು ಘಟನೆಯ ಎಷ್ಟೋ ವರ್ಷಗಳ ತರುವಾಯ ಎಂಬುದನ್ನೂ ಒಪ್ಪಿದಂತಾಯಿತು. ಸನ್ಹೇರೀಬನು ಸ್ವಂತ ಮಕ್ಕಳಿಂದ ಹತನಾದ ಸಂಗತಿಯೂ ಇದನ್ನೇ ಸೂಚಿಸುತ್ತದೆ. ಮಗನೇ ಕೊಂದನೆಂಬುದನ್ನು ಬಾಬಿಲೋನಿನ ವೃತ್ತಾಂತವೂ ಸಮರ್ಥಿಸುತ್ತದೆ. ಆದರೆ ಹಿಮ್ಮೆಟ್ಟಿದ ಬೆನ್ನಿಗೇ ನಡೆದಂತೆ ಬೈಬಲು ಹೇಳುವ ಆ ಕೊಲೆ ನಡೆದುದು ಕ್ರಿ. ಪೂ. ೬೮೧ರಲ್ಲಿ, ಇಪ್ಪತ್ತು ವರ್ಷಗಳ ಅನಂತರ. ಘಟನೆ ನಿಜ, ಅದನ್ನು ಪಾಪಕ್ಕೆ ದೊರೆತ ಫಲವನ್ನಾಗಿಸಿದ ಜೋಡಣೆ ಗ್ರಂಥಕಾರನದು.

ಎಲ್ಲಕ್ಕಿಂತ ಬೋಧಪ್ರದವಾದುದು ಬೈಬಲಿನೊಳಗಣ ಸಾಕ್ಷ್ಯ. ಯೆಶಾಯನ ಗ್ರಂಥದಲ್ಲಿ ಇದೇ ಕಥೆ ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ಬಂದಿದೆ. ಹಿಜ್ಕೀಯನು ಕಪ್ಪ ತೆತ್ತ ವಾಕ್ಯಗಳು ಮಾತ್ರ ಅಲ್ಲಿಲ್ಲ. ಇನ್ನೂ ಈಚಿನದಾದ ಪೂರ್ವಕಾಲವೃತ್ತಾಂತದಲ್ಲಿ ಕಪ್ಪದ ಮಾತು ಇಲ್ಲದಿರುವುದಷ್ಟೇ ಅಲ್ಲ, ಸನ್ಹೇರೀಬನು ಊರುಗಳನ್ನು ಹಿಡಿದನೆಂಬುದೂ ಹಿಡಿಯಬೇಕೆಂದಿದ್ದನು ಎಂಬಷ್ಟಕ್ಕೆ ಇಳಿದಿದೆ. ಕಾಲ ಕಳೆದಂತೆ ಅವಮಾನ ಅಳಿದು ಅದ್ಭುತ ಉಳಿಯಿತು. ಈ ಬದಲಾವಣೆಯನ್ನು ತಿಳಿಯಲು ನಮಗೆ ನಿನೆವೆಯ ಶಾಸನವೂ ಬೇಕಿಲ್ಲ. ಬೈಬಲಿನ ಮೂರು ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಸಾಕು. ಆದರೂ ಪರಸ್ಪರ ಹೊಂದದ ಪಾಠಗಳನ್ನು ಒಂದೇ ಸಂಪುಟದಲ್ಲಿ ಉಳಿಸಿಕೊಂಡ ಸಂಪ್ರದಾಯದ ಪ್ರಾಮಾಣಿಕತೆಯನ್ನೂ ನಾವು ಮನ್ನಿಸಬೇಕು.

ದೇವದೂತನ ವಿಷಯವೇನು? ಈಜಿಪ್ಟಿನ ಗಡಿಯಲ್ಲಿ ಇಲಿಗಳು ಸನ್ಹೇರೀಬನ ಸೈನಿಕರ ಬತ್ತಳಿಕೆಗಳನ್ನು ಕಡಿದುಹಾಕಿದ ಕಥೆಯೊಂದನ್ನು ಹೆರೊಡೋಟಸನು ಹೇಳಿದ್ದಾನೆ. ಇದರಿಂದ ಪ್ಲೇಗಿನ ಊಹೆ ಹುಟ್ಟಿದೆ. ಅದು ಊಹೆಯೇ ಹೊರತು ಪ್ರಮಾಣವಲ್ಲ. ಮುತ್ತಿಗೆ ಪೂರ್ಣಗೊಳ್ಳಲಿಲ್ಲವೆಂಬಷ್ಟನ್ನು ಇತಿಹಾಸ ನಿರ್ಣಯಿಸಬಹುದು. ಅದರ ಹಿಂದೆ ದೈವದ ಕೈಯಿದ್ದಿತೇ ಎಂಬುದು ಇತಿಹಾಸದ ಉಪಕರಣಗಳಿಗೆ ನಿಲುಕುವ ಪ್ರಶ್ನೆಯಲ್ಲ. ಅದನ್ನು ಸ್ಥಾಪಿಸಲೂ ಖಂಡಿಸಲೂ ಗುದ್ದಲಿಯನ್ನು ಎತ್ತಿಕೊಳ್ಳುವುದು ಸಮನಾಗಿ ಅಸಂಗತ.

ಒಟ್ಟಿನಲ್ಲಿ ವಿಶ್ವಸನೀಯತೆ ಗ್ರಂಥಕ್ಕೆ ಇಡಿಯಾಗಿ ಸಲ್ಲುವ ಗುಣವಲ್ಲ. ಹೇಳಿಕೆ ಹೇಳಿಕೆಗೂ ಬೇರೆ ಬೇರೆಯಾಗಿ ನಿರ್ಧರಿಸತಕ್ಕದ್ದು. ಬಂಗಾರದ ಮೊತ್ತಕ್ಕೆ ಸಲ್ಲುವ ವಿಶ್ವಾಸ ಹತರಾದವರ ಸಂಖ್ಯೆಗೆ ಸಲ್ಲದು. ಲಾಕೀಷಿಗೆ ಸಲ್ಲುವುದು ವರ್ಷಗಣನೆಗೆ ಸಲ್ಲದು. ಯಾರ ಶ್ರದ್ಧೆಗೂ ಅಗೌರವ ತೋರದೆ, ಯಾರ ಶ್ರದ್ಧೆಗೂ ಅಧೀನವಾಗದೆ ಪವಿತ್ರಗ್ರಂಥವೊಂದನ್ನು ತರಗತಿಯಲ್ಲಿ ಓದಿಸಬೇಕಾದ ಅಧ್ಯಾಪಕರಿಗೆ ಇದಕ್ಕಿಂತ ನೇರವಾದ ಮಾರ್ಗ ನಮಗೆ ತೋರುವುದಿಲ್ಲ.