ಹಾಡಿನ ಗುರುತು

ಬೀದಿಯಲ್ಲಿಯೋ ಹೋಟೆಲಿನಲ್ಲಿಯೋ ಕಿವಿಗೆ ಬಿದ್ದು ಮನಸ್ಸನ್ನು ಸೆರೆಹಿಡಿದ ಗೀತವೊಂದರ ಹೆಸರು ತಿಳಿಯದೆ ತಳಮಳಿಸುವ ರಸಿಕನಿಗೆ ಇಂದು ಕೈಯೊಳಗಿನ ಮೊಬೈಲೇ ಉತ್ತರ ಹೇಳುವುದಾದರೂ, ಆ ಯಂತ್ರವು ಬಹುಮಟ್ಟಿಗೆ ಗುರುತಿಸುವುದು ಒಂದಾನೊಂದು ಧ್ವನಿಮುದ್ರಣವನ್ನು ಮಾತ್ರ ಎಂಬುದನ್ನು ನಮ್ಮ ಸಂಗೀತವನ್ನು ಪ್ರೀತಿಸುವವರು ಚೆನ್ನಾಗಿ ತಿಳಿದಿರತಕ್ಕದ್ದು.

ಬ್ರಿಟನ್ನಿನಲ್ಲಿ 2002ರಲ್ಲಿ ಶಜಾಮ್ ಸೇವೆ ಮೊದಲಾದಾಗ, 2580ಕ್ಕೆ ಕರೆಮಾಡಿ ದೂರವಾಣಿಯನ್ನು ಸದ್ದಿನೆಡೆಗೆ ಹಿಡಿದವರಿಗೆ ಹಾಡಿನ ಹೆಸರು ಕಿರುಸಂದೇಶವಾಗಿ ಬರುತ್ತಿತ್ತು. ಏವರಿ ವಾಂಗ್ ಅವರು 2003ರಲ್ಲಿ ವಿವರಿಸಿ ಪ್ರಕಟಿಸಿದ ಅದರ ಉಪಾಯವಾದರೋ ನಿಜಕ್ಕೂ ಮನೋಹರವಾದುದು: ಧ್ವನಿಯ ಕಂಪನಾಂಕಗಳನ್ನು ಕಾಲಕ್ರಮದಲ್ಲಿ ಚಿತ್ರಿಸಿ, ಅದರಲ್ಲಿ ಅತಿಪ್ರಬಲವಾದ ಬಿಂದುಗಳನ್ನಷ್ಟೇ ರಾತ್ರಿಯಾಕಾಶದ ನಕ್ಷತ್ರಗಳಂತೆ ಉಳಿಸಿಕೊಂಡು, ಎರಡೆರಡು ಬಿಂದುಗಳ ಕಂಪನಾಂಕಗಳನ್ನೂ ಅವುಗಳ ನಡುವಣ ಕಾಲಾಂತರವನ್ನೂ ಸೇರಿಸಿ ಒಂದೊಂದು ಸಂಕೇತವಾಗಿಸಿ, ಭಂಡಾರದಲ್ಲಿರುವ ಸಂಕೇತಗಳೊಡನೆ ತಾಳೆನೋಡುವುದು. ಲೋಟಗಳ ಸದ್ದೂ ಜನರ ಗದ್ದಲವೂ ಎಷ್ಟೋ ಬಿಂದುಗಳನ್ನು ಅಳಿಸಿದರೂ, ಉಳಿದ ಕೆಲವೇ ಜೋಡಿಗಳು ಗುರುತಿಗೆ ಸಾಕಾಗುತ್ತವೆ.

ಆದರೆ ಈ ಸೂಕ್ಷ್ಮತೆಯೇ ಕಛೇರಿಯಲ್ಲಿ ಅದಕ್ಕೆ ತೊಡಕಾಗುವುದು. ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ 'ಬ್ರೋಚೇವಾರೆವರುರಾ' ಕೃತಿ 1980ರ 'ಶಂಕರಾಭರಣಂ' ಚಿತ್ರದಲ್ಲಿದೆ. ಆ ಚಿತ್ರದ ಮುದ್ರಣವು ಕೇಳಿಸಿದರೆ ಯಂತ್ರ ಒಡನೆಯೇ ಹೆಸರಿಸೀತು. ಅದೇ ಕೃತಿಯನ್ನು ಬೆಂಗಳೂರಿನ ಕೋಟೆ ಪ್ರೌಢಶಾಲೆಯ ರಾಮನವಮಿ ಚಪ್ಪರದಲ್ಲಿ ವಿದ್ವಾಂಸರೊಬ್ಬರು ತಮ್ಮ ಶ್ರುತಿಯಲ್ಲಿ, ಆ ಸಂಜೆಗೆ ಹೊಳೆದ ಸಂಗತಿಗಳೊಡನೆ ಹಾಡಿದರೆ, ಬಿಂದುಗಳು ಬೇರೆಯಾಗಿ ಯಂತ್ರ ಮೌನವಹಿಸುವುದು. ಇದನ್ನು ನಮ್ಮ ಸಂಗೀತದ ಜೀವಂತಿಕೆಗೆ ದೊರೆತ ಪ್ರಮಾಣವೆಂದೇ ನಾನು ಎಣಿಸುತ್ತೇನೆ.

ಗುನುಗಿದರೆ ಹಾಡನ್ನು ಹುಡುಕಿಕೊಡುವ ವ್ಯವಸ್ಥೆಯನ್ನು ಗೂಗಲ್ 2020ರಲ್ಲಿ ತಂದಿತು. ಕಂಠದ ಗುಣವನ್ನೂ ವಾದ್ಯದ ನಾದವನ್ನೂ ಕಳೆದು ಧಾಟಿಯ ಆಕಾರವನ್ನಷ್ಟೇ ಉಳಿಸಿಕೊಳ್ಳುವ ಈ ವಿಚಾರ ಹೊಸದೇನೂ ಅಲ್ಲ. ಸ್ವರವು ಹಿಂದಿನದಕ್ಕಿಂತ ಏರಿತೆ, ಇಳಿಯಿತೆ, ಅಲ್ಲಿಯೇ ನಿಂತಿತೆ ಎಂಬ ಮೂರೇ ಚಿಹ್ನೆಗಳಿಂದ ಪಾಶ್ಚಾತ್ಯ ಧಾಟಿಗಳನ್ನು ಹುಡುಕಬಹುದಾದ ಕೋಶವೊಂದನ್ನು ಡೆನಿಸ್ ಪಾರ್ಸನ್ಸ್ 1975ರಲ್ಲಿಯೇ ಹೊರತಂದಿದ್ದರು. ಭಾವಗೀತೆಗೂ ಸಿನಿಮಾ ಹಾಡಿಗೂ ಈ ಮಾರ್ಗ ಒಪ್ಪೀತು. ಗಾಂಧಾರವು ನಿಂತಲ್ಲಿ ನಿಲ್ಲದೆ ತೂಗಾಡುವ ತೋಡಿಯಂಥ ರಾಗದಲ್ಲಿ ಏರಿದುದಾವುದು, ಇಳಿದುದಾವುದು ಎಂದು ಎಣಿಸುವುದೇ ಕಷ್ಟ.

ಆದಕಾರಣ ಕಛೇರಿಯ ಶ್ರೋತೃಗಳು ಸಾಹಿತ್ಯಕ್ಕೆ ಕಿವಿಗೊಡುವುದು ಲೇಸು. ಪಲ್ಲವಿಯ ಮೊದಲ ಪದಗಳೇ ಕೃತಿಯ ಹೆಸರಾಗಿ ನಡೆಯುವುದರಿಂದ, ಅವನ್ನು ಕನ್ನಡದಲ್ಲಿಯೇ ಬರೆದು ಅಂತರ್ಜಾಲದಲ್ಲಿ ಹುಡುಕಿದರೆ ರಾಗತಾಳಗಳೂ ಅನೇಕ ವೇಳೆ ದೊರೆಯುತ್ತವೆ. ಪಲ್ಲವಿ ತಪ್ಪಿಹೋದರೆ ಚರಣದವರೆಗೆ ಕಾಯಬೇಕು. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ವಾಸುದೇವ ಎಂಬ ಅಂಕಿತವು ಅಲ್ಲಿ ಕರ್ತೃವನ್ನು ತಿಳಿಸುವುದು. ಕೆಲವು ದೇವರನಾಮಗಳು ಬೇರೆ ಬೇರೆ ಅಂಕಿತಗಳಿಂದಲೂ ಪ್ರಚಾರದಲ್ಲಿರುವುದರಿಂದ, ಸಂದೇಹ ಬಂದಾಗ ಹರಿದಾಸ ಸಾಹಿತ್ಯದ ಸಂಪಾದಿತ ಸಂಪುಟಗಳನ್ನು ತೆರೆದುನೋಡುವುದು ಅವಶ್ಯ.