ಸತುವಿನ ಪರವಾಗಿ

ಹದಿನೈದು ಲಕ್ಷ ಸುರಿದು ತಂದ ಬೈಕು ಮಂಗಳೂರಿನಲ್ಲೋ ಕಾರವಾರದಲ್ಲೋ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಂಜಿನ್ ಕವರಿನ ಬೋಲ್ಟುಗಳ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುವುದುಂಟು. ಹಾಗೇ ಬಿಟ್ಟರೆ ಅದೇ ಜಾಗದಲ್ಲಿ ಆಮೇಲೆ ಕೆಂಪು. ಇಷ್ಟು ದುಡ್ಡಿನ ಗಾಡಿಗೆ ಇಂಥ ಅಗ್ಗದ ಬೋಲ್ಟೇ ಎಂದು ಕಂಪನಿಗೆ ಬೈದು, ಮಾಲೀಕರು ಸ್ಟೇನ್‌ಲೆಸ್ ಸ್ಟೀಲಿನ ಇಡೀ ಸೆಟ್ ತರಿಸಿ ಹಾಕಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಇಲ್ಲದ ರೋಗಕ್ಕೆ ಕೊಡಿಸಿದ ಮದ್ದು. ಆ ಬಿಳಿ ಪುಡಿ ಸತುವಿನದು. ಉಕ್ಕಿನ ಬೋಲ್ಟಿನ ಮೇಲೆ ಕಾರ್ಖಾನೆಯಲ್ಲಿ ಹಿಡಿಸುವ ಸತುವಿನ ಪ್ಲೇಟಿಂಗ್ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ದಪ್ಪ, ಅಷ್ಟೇ. ಅದು ಇರುವುದೇ ಉಕ್ಕಿನ ಬದಲಿಗೆ ತಾನು ಸವೆಯಲಿಕ್ಕೆ. ಪುಡಿ ಬಂದಿದೆಯೆಂದರೆ ಸತು ಇನ್ನೂ ದುಡಿಯುತ್ತಿದೆ ಎಂದೇ ಲೆಕ್ಕ. ಅದು ತೀರಿಹೋಗುವ ಮೊದಲು ಮೇಲೊಂದು ಹೊದಿಕೆ ಕೊಡುವುದು ನಮ್ಮ ಕೆಲಸ.

ಜೇಬಿಗೆ ಹೊಡೆತ ಬೀಳುವುದು ಬೋಲ್ಟಿನ ತಲೆಯಿಂದಲ್ಲ, ಕಣ್ಣಿಗೆ ಬೀಳದ ಥ್ರೆಡ್ಡಿನಿಂದ. ಎಂಜಿನ್ ಕೇಸು ಅಲ್ಯೂಮಿನಿಯಂ. ಎರಡು ಬೇರೆ ಲೋಹ ತಾಗಿಕೊಂಡಿರುವಲ್ಲಿ ಉಪ್ಪುನೀರು ನಿಂತರೆ ವಿದ್ಯುತ್ ಹರಿದು ಒಂದು ಲೋಹ ಕರಗುತ್ತದೆ. ಸತು ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಸಾಮಾನ್ಯವಾಗಿ ಕರಗುವುದು ಸತು, ಅಂದರೆ ಬೋಲ್ಟಿನ ಲೇಪ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಕರಗುವುದು ಅಲ್ಯೂಮಿನಿಯಂ, ಅಂದರೆ ಎಂಜಿನ್ನೇ. ಬೋಲ್ಟು ಚಿಕ್ಕದು, ಕೇಸು ದೊಡ್ಡದು, ಸವೆತ ಅಷ್ಟಗಲಕ್ಕೂ ಹಂಚಿಹೋಗುತ್ತದಲ್ಲ ಎಂದು ತಿಳಿದವರು ಆಕ್ಷೇಪಿಸಬಹುದು. ಪೂರ್ತಿ ನೀರಲ್ಲಿ ಮುಳುಗಿದ ವಸ್ತುವಿಗೆ ಆ ಮಾತು ಸರಿ. ಬೈಕಿನ ಮೈ ಬಿಸಿಲಿಗೆ, ಎಂಜಿನ್ ಶಾಖಕ್ಕೆ ಬೇಗ ಒಣಗುತ್ತದೆ. ಒದ್ದೆ ಉಳಿಯುವುದು ಥ್ರೆಡ್ಡಿನ ಸಂದಿಯಲ್ಲಿ. ಅಲ್ಲಿ ಎರಡೂ ಲೋಹದ ಮೈ ಹೆಚ್ಚುಕಡಿಮೆ ಸರಿಸಮ. ಅಲ್ಲಿ ಹುಟ್ಟಿದ ಬಿಳಿ ಕಿಲುಬು ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಿಂದು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ, ಬಿಚ್ಚಹೋದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಬಲದ ಮಾತೂ ಇದೆ. ಅಂಗಡಿಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಕರ್ಷಣ ಬಲ 700 ಮೆಗಾಪಾಸ್ಕಲ್. ತಲೆಯ ಮೇಲೆ 10.9 ಎಂದು ಬರೆದ ಉಕ್ಕಿನದು 1,000ಕ್ಕೂ ಮೇಲೆ. ಬ್ರೇಕ್ ಕ್ಯಾಲಿಪರ್‌ನಿಂದ ಅಂಥದ್ದನ್ನು ತೆಗೆದು ಹೊಳಪಿಗಾಗಿ ಇದನ್ನು ಹಾಕುವವರ ಧೈರ್ಯ ನನಗಂತೂ ಇಲ್ಲ.

ಸತು ತೀರಿದ ಮೇಲೆ ಉಕ್ಕೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ನಿಜ. ಅದಕ್ಕೇ ಬೈಕು ಹೊಸದಿರುವಾಗಲೇ ಕವರಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಥ್ರೆಡ್ಡಿಗೆ ತೆಳ್ಳಗೆ ಆ್ಯಂಟಿ-ಸೀಜ್ ಪೇಸ್ಟ್ ಸವರಿ ಹಾಕಬೇಕು. ಜಿಡ್ಡು ಹಚ್ಚಿದರೆ ಬೋಲ್ಟ್ ಸಡಿಲವಾಗುತ್ತದೆ ಎಂದು ಗ್ಯಾರೇಜುಗಳಲ್ಲಿ ಹೆದರಿಸುತ್ತಾರೆ. ಅಪಾಯ ಹೆಚ್ಚಾಗಿ ಅದರ ಉಲ್ಟಾ. ನಾವು ತಿರುಗಿಸುವ ಬಲದಲ್ಲಿ ಸುಮಾರು 90 ಪಾಲು ಘರ್ಷಣೆಗೇ ಖರ್ಚು. ಬೋಲ್ಟನ್ನು ಎಳೆದು ಹಿಡಿಯುವುದಕ್ಕೆ ಸಿಗುವುದು 10 ಪಾಲು. ಘರ್ಷಣೆ ತಗ್ಗಿದರೆ ಟಾರ್ಕ್ ರೆಂಚಿನ ಅದೇ ಅಂಕಿಯಲ್ಲಿ ಎಳೆತ ಹೆಚ್ಚಾಗಿ, ಮೆದು ಅಲ್ಯೂಮಿನಿಯಂ ಥ್ರೆಡ್ ಹೋಗಬಹುದು. ಮ್ಯಾನುಯಲ್‌ನ ಅಂಕಿ ಒಣ ಥ್ರೆಡ್ಡಿನದಾದರೆ ಪೇಸ್ಟ್ ತಯಾರಕರು ಹೇಳಿದಷ್ಟು ಇಳಿಸಿ ಬಿಗಿಯಬೇಕು. ಥ್ರೆಡ್‌ಲಾಕ್ ಹಾಕಿ ಎಂದಿರುವ ಕಡೆ ಪೇಸ್ಟ್ ಬೇಡವೇ ಬೇಡ. ಸಂದಿ ತುಂಬಿಕೊಂಡು ಅದೂ ನೀರನ್ನು ತಡೆಯುತ್ತದೆ.

ಇನ್ನು ತಲೆ. ಆಕಾಶ ನೋಡುತ್ತ ಕೂತ ಅಲೆನ್ ಬೋಲ್ಟಿನ ಆರುಮೂಲೆ ಗುಳಿಯನ್ನು ಗಮನಿಸಿ: ಕೀ ಹಾಕಿ ತಿರುಗಿಸಿದಾಗಲೆಲ್ಲ ಅದರ ಅಂಚು ಗುಳಿಯ ಗೋಡೆಯ ಸತುವನ್ನು ಕೆರೆದಿರುತ್ತದೆ, ಮಳೆನೀರು ಸರಿಯಾಗಿ ಅಲ್ಲೇ ನಿಲ್ಲುತ್ತದೆ. ತುಕ್ಕು ಹತ್ತುವುದೂ ಆ ಮೂಲೆಗಳಿಂದಲೇ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಸಂದಿಗಳಿಗೆ ಇನ್ನಷ್ಟು ನೀರು ನುಗ್ಗಿಸುತ್ತದೆಯಾದ್ದರಿಂದ ಬಕೆಟ್ ನೀರೇ ವಾಸಿ. ಡಬ್ಲ್ಯೂಡಿ-40 ನೀರನ್ನು ಓಡಿಸುತ್ತದೆ, ಸರಿ. ಅದು ಬಿಡುವ ಪದರ ಇಡೀ ಮಳೆಗಾಲ ನಿಲ್ಲುವಂಥದ್ದಲ್ಲ. ಲ್ಯಾನೊಲಿನ್ ಅಥವಾ ಮೇಣದ ಸ್ಪ್ರೇ ಹೆಚ್ಚು ದಿನ ಬಾಳುತ್ತದೆ. ಧೂಳು ಅಂಟುತ್ತದೆ, ಅಂಟಲಿ. ಮೇ ಕೊನೆಗೊಮ್ಮೆ, ಮಳೆ ಹೊಳವಾದಾಗ ಇನ್ನೊಮ್ಮೆ, ಸಣ್ಣ ಬ್ರಷ್ಷಿನಲ್ಲಿ ಆ ಗುಳಿಗಳಿಗೆ ಮುಟ್ಟಿಸಿದರಾಯಿತು. ಡಬ್ಬಿಯಿಂದ ನೇರ ಸಿಂಪಡಿಸಿದರೆ ಬ್ರೇಕ್ ಡಿಸ್ಕಿಗೆ ಹಾರುತ್ತದೆ.